ಉಪ್ಪಿಲ್ಲದ ಸಂದೇಶ

ನಾನು ಅವನ ಮುಖ ಕಂಡವಳಲ್ಲ.
ಬೆರಳು ಗೊತ್ತಿತ್ತು.

ತಂತಿಕೀಲಿ ಒತ್ತುವ ಒಬ್ಬೊಬ್ಬರದೂ ಒಂದೊಂದು ಕೈ.
ಕೆಲವರದು ಅವಸರದ ಕೋಳಿ, ಕೆದರಿ ಕೆದರಿ;
ಖುಯೆಯದು ಮಾತ್ರ ಗೀಟಿನ ಕೊನೆಗೆ
ಕೂದಲೆಳೆಯಷ್ಟು ತಡ,
ಹೊಸಿಲು ದಾಟಿದ ಮೇಲೂ ಒಮ್ಮೆ ತಿರುಗಿ ನೋಡುವವರ ಹಾಗೆ.

ಸೈಗಾನಿನ ಮೂರನೇ ಮಹಡಿ, ಕಿಟಕಿಗೆ ಕಪ್ಪು ಬಳಿದ ಕೋಣೆ.
ಕಿವಿಗೆ ರಬ್ಬರು, ಕತ್ತಿನಲ್ಲಿ ಬೆವರುಸಾಲೆ.
ರಾತ್ರಿ ಹನ್ನೊಂದೂಕಾಲಕ್ಕೆ
ಉತ್ತರದ ಗುಡ್ಡಗಳಿಂದ ಆ ಕೈ ಬರುತ್ತಿತ್ತು.

ಏಳು ಜನ. ಸಾವಿರದಲ್ಲಿ ಆರಿಸಿ ತೆಗೆದವರು.
ಹಾವಿನ ಹಸಿಮಾಂಸ ತಿಂದು ಪಳಗಿದವರು,
ಕಣ್ಣು ಕಟ್ಟಿಕೊಂಡು ಬಂದೂಕು ಬಿಚ್ಚಿ ಜೋಡಿಸುವವರು,
ಎಲ್ಲಿಗೆಂದು ಹೆಂಡತಿಗೂ ಹೇಳದೆ
ಅರೆಚಂದ್ರನ ಬೆಳಕಿನಲ್ಲಿ ವಿಮಾನದಿಂದ ಧುಮುಕಿದವರು.
ಕಾಗದದಲ್ಲಿ ಅವರ ಹೆಸರು ಬೆಳ್ಳಕ್ಕಿ.

ಒಪ್ಪಂದ ಇಷ್ಟೇ:
ಸಂದೇಶದಲ್ಲಿ ಎಲ್ಲಾದರೂ ಒಂದು ಕಡೆ ಉಪ್ಪು ಕೇಳಬೇಕು.
ಗುಡ್ಡದಲ್ಲಿ ಉಪ್ಪಿಗೆ ಬರ, ಕೇಳಿದರೆ ಯಾರಿಗೂ ಅನುಮಾನವಿಲ್ಲ.
ಉಪ್ಪಿದ್ದರೆ ಕ್ಷೇಮ.
ಇಲ್ಲದಿದ್ದರೆ ಕೀಲಿಯ ಮೇಲೆ ಅವನ ಬೆರಳು,
ಅವನ ಕುತ್ತಿಗೆಯ ಮೇಲೆ ಇನ್ಯಾರದೋ.

ನಲವತ್ತೊಂದು ರಾತ್ರಿ ಉಪ್ಪು ಕೇಳಿದ.
ನಲವತ್ತೆರಡನೆಯದಕ್ಕೆ ಅಕ್ಕಿ ಕೇಳಿದ, ಬ್ಯಾಟರಿ ಕೇಳಿದ,
ಇನ್ನೂ ಆರು ಜನ ಬೇಕು, ಇಳಿಯಲು ಒಳ್ಳೆಯ ಬಯಲಿದೆ ಎಂದ.
ಕೈ ಅವನದೇ. ಕೂದಲೆಳೆಯಷ್ಟು ತಡವೂ ಇತ್ತು.
ಉಪ್ಪಿರಲಿಲ್ಲ.

ಕಾಗದ ಹಿಡಿದು ಓಡಿದೆ,
ಒಂದು ಚಪ್ಪಲಿ ಮೇಜಿನಡಿಯಲ್ಲೇ ಉಳಿಯಿತು.
ಮೇಜರ್ ದೊಯಾನ್ ಓದಿದರು, ಎರಡು ಸಲ.
ಫ್ಯಾನಿನ ಗಾಳಿಗೆ ಹಾರದಂತೆ ಅದರ ಮೇಲೆ ಬೂದಿಬಟ್ಟಲಿಟ್ಟು
"ಮೊದಲು ಕಳಿಸಿದ ಉಪ್ಪು ಇನ್ನೂ ಮುಗಿದಿರಲಿಕ್ಕಿಲ್ಲ" ಎಂದರು.

ಅವರಿಗೆ ಗೊತ್ತಿತ್ತು.
ಅವರಿಗೆ ಗೊತ್ತೆಂದು ನನಗೂ ಗೊತ್ತಾಯಿತು.
ಬೆಳ್ಳಕ್ಕಿ ಬದುಕಿದ್ದರೆ ತಾನೆ ಬರುವ ವರ್ಷದ ಹಣ,
ಗೋಡೆಯ ನಕ್ಷೆಯಲ್ಲಿ ಇನ್ನೊಂದು ಕೆಂಪು ಗುಂಡುಸೂಜಿ?
ಬುಧವಾರ ಆರು ಜನ ಅದೇ ಬಯಲಿಗೆ ಇಳಿದರು.
"ಬರುತ್ತಿದ್ದಾರೆ. ದೀಪ ಹಚ್ಚಿಡಿ" ಎಂದು ತಂತಿ ಒತ್ತಿದ್ದು ನಾನು.
ಕೈ ಕೊಟ್ಟವರು ಯಾರೆಂದು ಕೇಳಿದರೆ,
ಈ ಕೈ.

ಆಮೇಲೆ ಲೆಕ್ಕಪತ್ರದವರು ಬಂದರು.
ಸೆರೆಸಿಕ್ಕವರಿಗೆ ತಿಂಗಳು ತಿಂಗಳು ಸಂಬಳ, ಸತ್ತವರಿಗೆ ಒಂದೇ ಸಲ.
ಎಲ್ಲರೂ ಒಟ್ಟಿಗೆ ಸತ್ತರೆ ಪ್ರಶ್ನೆ ಏಳುತ್ತದೆಂದು
ತಿಂಗಳಿಗೊಬ್ಬರಂತೆ ಕೊಂದರು, ನೀಲಿ ಶಾಯಿಯಲ್ಲಿ.
ಖುಯೆ ಸತ್ತದ್ದು ಮಾರ್ಚಿನಲ್ಲಿ.
ಅದೇ ವಾರ ಎರಡು ಸಲ ನನ್ನ ಕಿವಿಯಲ್ಲಿ ಬೂಟು ಕೇಳಿದ್ದ.

ಹೆಂಡತಿ ಲುವಾ ಬಂದು ಹೆಬ್ಬೆಟ್ಟು ಒತ್ತಿ ಹಣ ಒಯ್ದಳು,
ಹಣೆಗೆ ಸೂತಕದ ಬಿಳಿ ಪಟ್ಟಿ, ಸೊಂಟದಲ್ಲಿ ಕೂಸು.
ಮೆಟ್ಟಿಲಲ್ಲಿ ಅವಳಿಗೆ ದಾರಿ ಬಿಟ್ಟು ಗೋಡೆಗೆ ಅಂಟಿ ನಿಂತೆ.
ಕೂಸು ನನ್ನ ಗುಂಡಿ ಹಿಡಿದೆಳೆಯಿತು.
ಬಾಯಿ ಬಿಡಲಿಲ್ಲ. ಉಪ್ಪು ತಿಂದ ಮನೆ.

ಯುದ್ಧ ಮುಗಿಯಿತು; ನನ್ನ ಗುರುತುಚೀಟಿ ಒಲೆಗೆ ಹೋಯಿತು.
ಈಗ ಬಿಯೆನ್ ಹೋವಾ ಬಸ್ ನಿಲ್ದಾಣದ ಹೊರಗೆ
ಸೀಬೆ, ಮಾವಿನಕಾಯಿ ಹೆಚ್ಚಿ ಉಪ್ಪುಖಾರ ಹಾಕಿ ಮಾರುತ್ತೇನೆ.

ಮೊನ್ನೆ (ಮೊನ್ನೆಯೇನು, ಹನ್ನೆರಡು ವರ್ಷವಾಯಿತು)
ಮುಂದಿನ ನಾಲ್ಕು ಹಲ್ಲಿಲ್ಲದ ಒಬ್ಬ ಗಾಡಿಯ ಮುಂದೆ ನಿಂತ.
ಸರದಿ ಕಾಯುತ್ತ ಗಾಜಿನ ಮೇಲೆ ಉಗುರಿನಿಂದ ತಟ್ಟುತ್ತಿದ್ದ.
ಅಕ್ಷರಗಳಲ್ಲ, ಸುಮ್ಮನೆ ತಟ್ಟು.
ಕೊನೆಯದರಲ್ಲಿ ಕೂದಲೆಳೆಯಷ್ಟು ತಡ.

ಚಾಕು ನಿಂತಿತು.
"ಉಪ್ಪು?" ಎಂದೆ.
"ಬೇಡ" ಎಂದ. ಮೂತ್ರಪಿಂಡ ಕೆಟ್ಟಿದೆ,
ಡಾಕ್ಟರು ಬಿಡಿಸಿದ್ದಾರಂತೆ.

ಪೊಟ್ಟಣ ಕಟ್ಟಿ ಕೊಟ್ಟೆ.
ದುಡ್ಡು ಎಣಿಸಿ ತೆಗೆದುಕೊಂಡೆ.